ಬೇಸ್‌ಮೆಂಟಿಗೆ ಹೊಸ ನೆಲ: ಹಲಗೆ ಆರಿಸುವ ಮೊದಲು ತೇವ ಎಲ್ಲಿಂದ ಬರುತ್ತಿದೆ ನೋಡಿ

ಜನವರಿಯಲ್ಲಿ ಬೇಸ್‌ಮೆಂಟ್ ನೋಡಿ ಅದಕ್ಕೆ ನೆಲ ಆರಿಸಬೇಡಿ. ಮಿಶಿಗನ್ನಿನಲ್ಲಿ ಮನೆ ಕೊಂಡ ಮೊದಲ ಚಳಿಗಾಲದಲ್ಲಿ ನಾವು ಮಾಡಿದ್ದು ಅದನ್ನೇ. ಹೊರಗೆ ಹಿಮ, ಒಳಗೆ ಫರ್ನೇಸಿನ ಒಣಗಾಳಿ. ಕೆಳಗಿನ ಕಾಂಕ್ರೀಟ್ ನೆಲ ಬೆಳ್ಳಗೆ, ಮುಟ್ಟಿದರೆ ಕೈಗೆ ಧೂಳು ಹತ್ತುವಷ್ಟು ಒಣಗಿತ್ತು. ತೆಳ್ಳನೆ ಫೋಮ್ ಹಾಸಿ ಮೇಲೆ ಲ್ಯಾಮಿನೇಟ್ ಹಲಗೆ ಜೋಡಿಸಿಬಿಟ್ಟೆವು. ಜುಲೈನಲ್ಲಿ ತೀರ್ಥಹಳ್ಳಿಯಿಂದ ಅಮ್ಮ ಬಂದರು. ಬೇಸ್‌ಮೆಂಟಿನ ಮೆಟ್ಟಿಲು ಅರ್ಧ ಇಳಿದವರು ಅಲ್ಲೇ ನಿಂತು, "ಇದೇನೋ ಮುಗ್ಗಲು ವಾಸನೆ ಬರ್ತಿದೆಯಲ್ಲೋ, ಮಳೆಗಾಲದಲ್ಲಿ ಕಂಬಳಿ ಪೆಟ್ಟಿಗೆ ತೆಗೆದ ಹಾಗೆ" ಅಂದರು. ದಿನಾ ಓಡಾಡುತ್ತಿದ್ದ ನಮ್ಮ ಮೂಗಿಗೆ ಅದು ಗೊತ್ತೇ ಆಗಿರಲಿಲ್ಲ. ಆಗಸ್ಟಿನ ಹೊತ್ತಿಗೆ ಹಲಗೆಗಳ ಅಂಚು ಉಬ್ಬಿ ಬರಿಗಾಲಿಗೆ ತಡೆಯತೊಡಗಿತು. ಒಂದು ಮೂಲೆ ಎತ್ತಿ ನೋಡಿದರೆ ಹಲಗೆಯ ಅಡಿಬದಿಯಲ್ಲಿ ಮೆಣಸಿನ ಕಾಳು ಚೆಲ್ಲಿದ ಹಾಗೆ ಕಪ್ಪು ಬೂಷ್ಟು, ಕಾಂಕ್ರೀಟಿನ ಮೇಲೆ ಪಸೆ.

ಅಷ್ಟನ್ನೂ ಕಿತ್ತು ಎಸೆದ ಮೇಲೆ, ಮತ್ತೆ ಹಾಸುವ ಮೊದಲು ಒಂದು ವರ್ಷ ಕಾದೆ. ಆ ವರ್ಷದಲ್ಲಿ ಅಳೆದದ್ದು, ಓದಿದ್ದು, ನಾಲ್ಕಾರು ಗೆಳೆಯರ ಮನೆಗಳಲ್ಲಿ ಮಂಡಿಯೂರಿ ನೋಡಿದ್ದು ಎಲ್ಲ ಸೇರಿ ಈ ಬರಹ. ಇಲ್ಲಿನ ನಮ್ಮವರ ಮನೆಗಳಲ್ಲಿ ಬೇಸ್‌ಮೆಂಟಿಗೆ ದೊಡ್ಡ ಕೆಲಸವಿದೆ. ನವರಾತ್ರಿಯ ಗೊಂಬೆ ಕೂರುವುದು ಅಲ್ಲಿ, ಊರಿಂದ ಬಂದವರಿಗೆ ಹಾಸಿಗೆ ಬೀಳುವುದು ಅಲ್ಲಿ, ಮಕ್ಕಳು ಚಳಿಗಾಲವಿಡೀ ನೆಲದ ಮೇಲೆ ಹೊರಳುವುದೂ ಅಲ್ಲೇ. ಅಂಥ ಜಾಗದ ನೆಲದಡಿ ಬೂಷ್ಟು ಇರಬಾರದು.

ನೀರು ಮೂರು ಬಗೆ

ಫ್ಲೋರಿಂಗ್ ಅಂಗಡಿಯಲ್ಲಿ "ಬೇಸ್‌ಮೆಂಟಿಗೆ ಯಾವುದು ಒಳ್ಳೆಯದು?" ಎಂದು ಕೇಳಿದರೆ ಉತ್ತರ ತಕ್ಷಣ ಸಿಗುತ್ತದೆ. ಆದರೆ ನಿಮ್ಮ ನೆಲಕ್ಕೆ ಯಾವ ಬಗೆಯ ನೀರು ಬರುತ್ತಿದೆ ಎಂದು ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಚ್ಚಿದರೆ ದುಡ್ಡು ದಂಡ.

ಮೊದಲನೆಯದು ಒಸರು. ನೀರು ನೀರಾಗಿಯೇ ಬರುತ್ತದೆ. ಗೋಡೆಯೂ ನೆಲವೂ ಸೇರುವ ಸಂದಿಯಲ್ಲಿ, ಬಿರುಕುಗಳಲ್ಲಿ, ಮಾರ್ಚಿನಲ್ಲಿ ಹಿಮ ಕರಗುವಾಗ ಅಥವಾ ದೊಡ್ಡ ಮಳೆಯ ಮರುದಿನ ಜಿನುಗುತ್ತದೆ. ಡೆಟ್ರಾಯ್ಟ್ ಸುತ್ತಲಿನ ಬಹಳಷ್ಟು ನೆಲ ಹಿಂದೊಮ್ಮೆ ಸರೋವರದ ತಳವಾಗಿದ್ದ ಜೇಡಿಮಣ್ಣು. ಕುಡಿದ ನೀರನ್ನು ಅದು ಬೇಗ ಬಿಡುವುದಿಲ್ಲ, ಅಡಿಪಾಯಕ್ಕೆ ಒತ್ತಿ ಹಿಡಿಯುತ್ತದೆ.

ಎರಡನೆಯದು ಆವಿ. ಕಾಂಕ್ರೀಟ್ ನೋಡಲು ಕಲ್ಲು, ಒಳಗೆಲ್ಲ ಸೂಕ್ಷ್ಮ ರಂಧ್ರ. ಮಣ್ಣಿನ ತೇವ ಅದರ ಮೂಲಕ ಆವಿಯಾಗಿ ಮೇಲೇರುತ್ತಲೇ ಇರುತ್ತದೆ. ಈಗಿನ ಮನೆಗಳಲ್ಲಿ ಸ್ಲ್ಯಾಬಿನ, ಅಂದರೆ ಕಾಂಕ್ರೀಟ್ ನೆಲದ, ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕೆಂದು ಕಟ್ಟಡ ನಿಯಮವೇ ಇದೆ. ಬಹುಕಾಲ 6 ಮಿಲ್ (ಒಂದು ಮಿಲ್ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ) ದಪ್ಪ ಸಾಕಿತ್ತು, ರಾಜ್ಯಗಳು ಆಧಾರವಾಗಿಟ್ಟುಕೊಳ್ಳುವ ಮಾದರಿ ಕಟ್ಟಡ ನಿಯಮಾವಳಿಯ 2021ರ ಆವೃತ್ತಿ ಅದನ್ನು 10 ಮಿಲ್‌ಗೆ ಏರಿಸಿತು. ಹಳೆಯ ಎಷ್ಟೋ ಮನೆಗಳಲ್ಲಿ ಆ ಹಾಳೆಯೇ ಇಲ್ಲ. ನೆಲದ ಮೇಲೆ ಅಲ್ಲಲ್ಲಿ ಪುಡಿ ಉಪ್ಪಿನ ಹಾಗೆ ಬಿಳಿ ಹುಡಿ ಮೂಡಿದ್ದರೆ ತೇವ ಕೆಳಗಿನಿಂದ ಏರಿ ಬಂದು ಒಣಗುತ್ತಿದೆ ಎಂದು ತಿಳಿಯಿರಿ. ಅದು ಕಾಂಕ್ರೀಟಿನೊಳಗಿನ ಲವಣ. ಒರೆಸಿದರೆ ಹೋಗುತ್ತದೆ, ತಿಂಗಳಲ್ಲಿ ಮತ್ತೆ ಬರುತ್ತದೆ.

ಮೂರನೆಯದು ಬೆವರು. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮಳೆಗಾಲದ ಒಂದೊಂದು ದಿನ ಜಗಲಿಯ ಕಾವಿ ನೆಲ ತಾನೇ ತಾನಾಗಿ ಒದ್ದೆಯಾಗಿ, ಕಾಲಿಟ್ಟರೆ ಹೆಜ್ಜೆ ಮೂಡುತ್ತದಲ್ಲ, ಅದೇ. ತಣ್ಣನೆ ನೆಲಕ್ಕೆ ಬೆಚ್ಚಗಿನ ತೇವದ ಗಾಳಿ ತಾಗಿ ನೀರಾಗುತ್ತದೆ. ಇಲ್ಲಿ ಜುಲೈನಲ್ಲಿ ಹೊರಗೆ 29 ಡಿಗ್ರಿ ಸೆಲ್ಸಿಯಸ್, ಶೇ 60 ತೇವಾಂಶ ಇದ್ದರೆ ಆ ಗಾಳಿ 20 ಡಿಗ್ರಿಯ ಆಸುಪಾಸಿನ ಯಾವ ಮೇಲ್ಮೈ ಮುಟ್ಟಿದರೂ ನೀರು ಬಿಡುತ್ತದೆ. ಬೇಸ್‌ಮೆಂಟಿನ ನೆಲ ಬೇಸಿಗೆಯಲ್ಲೂ ಅದಕ್ಕಿಂತ ತಣ್ಣಗಿರುವುದು ಸಾಮಾನ್ಯ. ಹಾಗಾಗಿ "ವಾಸನೆ ಬರ್ತಿದೆ, ಕಿಟಕಿ ತೆಗೆಯೋಣ" ಎಂಬ ನಮ್ಮೂರಿನ ಅಭ್ಯಾಸ ಇಲ್ಲಿ ಬೇಸಿಗೆಯಲ್ಲಿ ತಿರುಗುಬಾಣ. ನಾನೂ ಎರಡು ವಾರ ಕಿಟಕಿ ತೆಗೆದಿಟ್ಟು ನೆಲವನ್ನು ಇನ್ನಷ್ಟು ಒದ್ದೆ ಮಾಡಿದ್ದೆ.

ಪರೀಕ್ಷೆ: ಅಗ್ಗದ್ದು ಮೊದಲು, ನಂಬಿಗಸ್ತದ್ದು ಕೊನೆಗೆ

ಸುಮ್ಮನೆ ಕೈಯಿಟ್ಟು ನೋಡುವುದನ್ನು ಪರೀಕ್ಷೆ ಎನ್ನಲಾಗದು. ಎಲ್ಲಕ್ಕಿಂತ ಸುಲಭದ್ದು ಪ್ಲಾಸ್ಟಿಕ್ ಹಾಳೆಯದು. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಹಾಳೆಯ ನಾಲ್ಕು ಬದಿಗೂ ಟೇಪ್ ಬಿಗಿಯಾಗಿ ಅಂಟಿಸಿ, ಕನಿಷ್ಠ 16 ಗಂಟೆ ಬಿಡಬೇಕು. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ, ಅಥವಾ ಅಲ್ಲಿನ ಕಾಂಕ್ರೀಟ್ ಕಪ್ಪಗಾಗಿದ್ದರೆ, ತೇವ ಕೆಳಗಿನದು. ಹಾಳೆಯ ಮೇಲೆ ಹನಿಯಿದ್ದರೆ ಗಾಳಿಯದು, ಬೆವರು. ನಮ್ಮಲ್ಲಿ ನಾಲ್ಕು ಕಡೆ ಅಂಟಿಸಿದ್ದೆ. ಜುಲೈನಲ್ಲಿ ಮೂರು ಹಾಳೆಗಳ ಮೇಲ್ಮೈಯಲ್ಲಿ ಹನಿ, ಉತ್ತರ ಗೋಡೆಯ ಪಕ್ಕದ್ದರಲ್ಲಿ ಮಾತ್ರ ಅಡಿಯಲ್ಲೂ ಹನಿ. ಒಂದೇ ಕೋಣೆಯಲ್ಲಿ ಎರಡು ಕಾಯಿಲೆ ಎಂದು ಗೊತ್ತಾದದ್ದು ಹಾಗೆ. ಆದರೆ ಇದರಲ್ಲಿ ಹನಿ ಕಾಣಲಿಲ್ಲವೆಂದರೆ ನೆಲ ಒಣಗಿದೆ ಎಂದು ಅರ್ಥವಲ್ಲ. ಅಷ್ಟು ಭರವಸೆ ಇದರ ಮೇಲೆ ಬೇಡ.

ಅದಕ್ಕಿಂತ ಮೇಲಿನದು ಕ್ಯಾಲ್ಸಿಯಂ ಕ್ಲೋರೈಡ್ ಕಿಟ್. ಮುಚ್ಚಳದಡಿ ಲವಣದ ಬಟ್ಟಲಿಟ್ಟು, 60ರಿಂದ 72 ಗಂಟೆಯಲ್ಲಿ ಅದು ಎಷ್ಟು ತೂಕದ ನೀರು ಹೀರಿತು ಎಂದು ನೋಡುತ್ತಾರೆ. ಫಲಿತಾಂಶ ಬರುವುದು ಸಾವಿರ ಚದರ ಅಡಿಗೆ ದಿನಕ್ಕೆ ಇಷ್ಟು ಪೌಂಡ್ ಎಂಬ ಲೆಕ್ಕದಲ್ಲಿ. ಬಹಳ ಕಾಲದಿಂದ ನಡೆದುಬಂದ ಮಿತಿ 3 ಪೌಂಡ್, ಅಂದರೆ ಸುಮಾರು 1.4 ಲೀಟರ್ ನೀರು. ಇದರ ಕೊರತೆ ಏನೆಂದರೆ ಇದು ಅಳೆಯುವುದು ಕಾಂಕ್ರೀಟಿನ ಮೇಲ್ಪದರವನ್ನು ಮಾತ್ರ.

ನಾನು ನಂಬುವುದು ಕಾಂಕ್ರೀಟಿನೊಳಗೆ ರಂಧ್ರ ಕೊರೆದು ಸೆನ್ಸರ್ ಇಡುವ ಪರೀಕ್ಷೆಯನ್ನು, ವೃತ್ತಿಯವರು ಅದನ್ನು ಅದರ ಮಾನದಂಡದ ಹೆಸರಿನಿಂದ ಎ.ಎಸ್.ಟಿ.ಎಂ. ಎಫ್2170 ಎನ್ನುತ್ತಾರೆ. ನೆಲ ಮೇಲಿನಿಂದ ಮಾತ್ರ ಒಣಗುವಂತಿದ್ದರೆ ದಪ್ಪದ ಶೇ 40ರಷ್ಟು ಆಳಕ್ಕೆ ಕೊರೆಯಬೇಕು. 4 ಅಂಗುಲದ ಸ್ಲ್ಯಾಬಿಗೆ ಸುಮಾರು 1.6 ಅಂಗುಲ. 24 ಗಂಟೆ ಬಿಟ್ಟು ಕಾಂಕ್ರೀಟಿನೊಳಗಿನ ತೇವಾಂಶ ಶೇಕಡಾ ಎಷ್ಟು ಎಂದು ಓದುತ್ತಾರೆ. ಇದನ್ನೇ ನಂಬಲು ಕಾರಣವಿದೆ. ಮೇಲೆ ಹಲಗೆ ಮುಚ್ಚಿದೊಡನೆ ಮೇಲ್ಪದರದ ಒಣಗುವಿಕೆ ನಿಲ್ಲುತ್ತದೆ, ಒಳಗಿನ ತೇವ ನಿಧಾನವಾಗಿ ಮೇಲೆ ಬಂದು ಸಮನಾಗುತ್ತದೆ. ಆ ಮುಂದಿನ ಸ್ಥಿತಿಯನ್ನು ಈ ಸಂಖ್ಯೆ ಮುಂಚಿತವಾಗಿ ಹೇಳುತ್ತದೆ. ನಿಮ್ಮ ಹಲಗೆಯ ಪೆಟ್ಟಿಗೆಯ ಮೇಲೋ ಕಂಪನಿಯ ಸೂಚನಾ ಪತ್ರದಲ್ಲೋ ಒಂದು ಮಿತಿ ಬರೆದಿರುತ್ತದೆ. ಅದನ್ನು ಮೀರಿ ಹಾಸಿದರೆ ವಾರಂಟಿ ಕೇಳುವ ಹಾಗಿಲ್ಲ.

ಯಾವ ಪರೀಕ್ಷೆಯಾದರೂ ಮಾರ್ಚ್–ಏಪ್ರಿಲ್‌ನಲ್ಲಿ ಒಮ್ಮೆ, ಜುಲೈ–ಆಗಸ್ಟ್‌ನಲ್ಲಿ ಒಮ್ಮೆ ಮಾಡಿ. ಮೊದಲನೆಯದು ಒಸರನ್ನು ತೋರಿಸುತ್ತದೆ, ಎರಡನೆಯದು ಬೆವರನ್ನು.

ಮೊದಲ ಖರ್ಚು ಮನೆಯ ಹೊರಗೆ

ಒಸರು ಇದ್ದರೆ ಒಳಗಿನ ಯಾವ ಪದರವನ್ನೂ ಹೋಲಿಸುತ್ತ ಕೂರಬೇಡಿ. ಸಾವಿರ ಚದರ ಅಡಿ ಮಾಡಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,360 ಲೀಟರ್ ನೀರು. ಮಾಡಿನಂಚಿನ ಗಟರ್ ಕಟ್ಟಿಕೊಂಡಿದ್ದರೆ, ಅದರ ನೀರು ಇಳಿಸುವ ಡೌನ್‌ಸ್ಪೌಟಿನ ಬಾಯಿ ಗೋಡೆಯ ಬುಡಕ್ಕೇ ತೆರೆದಿದ್ದರೆ, ಅಷ್ಟೂ ನೀರು ಅಡಿಪಾಯಕ್ಕೆ. ಬಾಯಿಗೆ ಕೊಳವೆ ಸೇರಿಸಿ ಆರು ಅಡಿಯಾದರೂ ಆಚೆ ಒಯ್ಯಿರಿ. ಮನೆಯಿಂದ ಮೊದಲ 10 ಅಡಿಯಲ್ಲಿ ಮಣ್ಣು 6 ಅಂಗುಲ ಇಳಿಜಾರಿರಬೇಕು. ನಮ್ಮ ಉತ್ತರ ಗೋಡೆಯ ಪಕ್ಕ ಹೂವಿನ ಪಾತಿ ಕುಸಿದು ತಟ್ಟೆಯ ಹಾಗೆ ಆಗಿತ್ತು. ಮಣ್ಣು ತುಂಬಿಸಿ ಇಳಿಜಾರು ಮಾಡಿದ್ದಕ್ಕೆ, ಕೊಳವೆ ಉದ್ದ ಮಾಡಿದ್ದಕ್ಕೆ ಒಂದು ಶನಿವಾರ–ಭಾನುವಾರ ಹಿಡಿಯಿತು. ಆಮೇಲೆ ಮತ್ತೆ ಅಂಟಿಸಿ ನೋಡಿದಾಗ ಆ ಮೂಲೆಯ ಹಾಳೆಯಡಿ ಹನಿ ಇರಲಿಲ್ಲ.

ಇಷ್ಟು ಮಾಡಿಯೂ ನೀರು ಬಂದರೆ ಗೋಡೆಗಳ ಒಳಸುತ್ತಿಗೆ ನೆಲದಡಿ ಡ್ರೇನ್ ಪೈಪ್ ಮತ್ತು ಅದರ ನೀರನ್ನು ಗುಂಡಿಯಿಂದ ಹೊರಗೆತ್ತುವ ಸಂಪ್ ಪಂಪ್. ದೊಡ್ಡ ಕೆಲಸ, ದೊಡ್ಡ ಖರ್ಚು, ಆದರೆ ಒಸರಿಗೆ ನಿಜವಾದ ಮದ್ದು. ಪಂಪ್ ಇದ್ದವರು ಬ್ಯಾಟರಿ ಬ್ಯಾಕಪ್ ಹಾಕಿಸಿಕೊಳ್ಳಿ, ಯಾಕೆಂದರೆ ಗುಡುಗು ಮಳೆಯಲ್ಲೇ ಕರೆಂಟೂ ಹೋಗುವುದು. 2014ರ ಆಗಸ್ಟ್ 11ರ ಮಳೆಯಲ್ಲಿ, ಮತ್ತೆ 2021ರ ಜೂನ್ 25–26ರಲ್ಲಿ ಡೆಟ್ರಾಯ್ಟ್ ಪ್ರದೇಶದ ಸಾವಿರಾರು ಬೇಸ್‌ಮೆಂಟುಗಳಿಗೆ ನೀರು ನುಗ್ಗಿತು. ಎಷ್ಟೋ ಕಡೆ ಅದು ಚರಂಡಿಯ ನೀರು, ನೆಲದ ಡ್ರೇನಿನಿಂದಲೇ ಉಕ್ಕಿ ಬಂದದ್ದು. ಅದನ್ನು ತಡೆಯುವ ಫ್ಲೋರಿಂಗ್ ಎಂಬುದಿಲ್ಲ. ಚರಂಡಿಯ ನೀರು ಹಿಮ್ಮುಖವಾಗಿ ಬರದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಬೇಕು, ಮತ್ತು ಮನೆ ವಿಮೆಗೆ ಸೀವರ್ ಬ್ಯಾಕಪ್ ಎಂಬ ಸೇರ್ಪಡೆ ಪ್ರತ್ಯೇಕವಾಗಿ ಬೇಕು. ಮಾಮೂಲು ವಿಮೆ ನೆಲದಿಂದ ಜಿನುಗುವ ನೀರಿಗೆ ಕಾಸು ಕೊಡುವುದಿಲ್ಲ.

ಬೆವರಿಗೆ ಗಾಳಿಯ ತೇವ ಎಳೆಯುವ ಯಂತ್ರ, ಡಿಹ್ಯೂಮಿಡಿಫೈಯರ್, ಬಿಟ್ಟರೆ ಬೇರೆ ದಾರಿ ಕಡಿಮೆ. ಗಾಳಿಯ ತೇವಾಂಶ ಶೇ 50ರ ಹತ್ತಿರ ಇರಲಿ, 60 ದಾಟಬಾರದು. 24 ಡಿಗ್ರಿಯ ಗಾಳಿ ಶೇ 50ರಲ್ಲಿದ್ದರೆ ಅದು ನೀರಾಗಲು ಮೇಲ್ಮೈ 13 ಡಿಗ್ರಿಗೆ ಇಳಿಯಬೇಕು. ಬೇಸಿಗೆಯಲ್ಲಿ ನಮ್ಮ ನೆಲ ಅಷ್ಟು ತಣ್ಣಗಾಗುವುದಿಲ್ಲ. ಕೊಳ್ಳುವಾಗ ಒಂದು ವಿಷಯ ಗಮನಿಸಿ: 2019ರಿಂದ ಈ ಯಂತ್ರಗಳು ದಿನಕ್ಕೆ ಎಷ್ಟು ಪೈಂಟ್ ನೀರು ಎಳೆಯುತ್ತವೆ ಎಂಬುದನ್ನು ಮೊದಲಿಗಿಂತ ತಣ್ಣನೆಯ ಗಾಳಿಯಲ್ಲಿ, 65 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ (ಸುಮಾರು 18 ಸೆಲ್ಸಿಯಸ್), ಅಳೆಯುತ್ತಾರೆ, ಹಾಗಾಗಿ ಸಂಖ್ಯೆ ಚಿಕ್ಕದಾಗಿದೆ. ಹಳೆಯ 70 ಪೈಂಟಿನ ಯಂತ್ರವೂ ಈಗಿನ 50 ಪೈಂಟಿನದೂ ಹೆಚ್ಚುಕಮ್ಮಿ ಒಂದೇ. ಬಕೆಟ್ ಖಾಲಿ ಮಾಡುವ ಕೆಲಸ ಇಟ್ಟುಕೊಳ್ಳಬೇಡಿ, ಡ್ರೇನಿಗೆ ಕೊಳವೆ ಬಿಡಿ. ಊರಿಗೆ ಹೋದ ಮೂರು ವಾರ ಬಕೆಟ್ ತುಂಬಿ ಯಂತ್ರ ನಿಂತಿದ್ದರೆ ವರ್ಷದ ಶ್ರಮ ಹೋಯಿತು.

ಕಾಂಕ್ರೀಟಿಗೂ ಹಲಗೆಗೂ ನಡುವೆ ಏನಿಡಬೇಕು

ಒಸರು ನಿಂತಿದೆ, ಬೆವರು ಹತೋಟಿಯಲ್ಲಿದೆ, ಉಳಿದದ್ದು ಆವಿ ಎಂದಾದ ಮೇಲೆ ಈ ಹೋಲಿಕೆಗೆ ಬನ್ನಿ.

ಬ್ರಷ್ಷಿನಲ್ಲಿ ಬಳಿಯುವ ಸೀಲರ್ ಅಗ್ಗ, ಒಂದು ಮಧ್ಯಾಹ್ನದ ಕೆಲಸ. ಕಾಂಕ್ರೀಟಿನೊಳಗೆ ಇಳಿದು ಗಟ್ಟಿಯಾಗಿಸುವ ಸಿಲಿಕೇಟ್ ಬಗೆಯದು ಧೂಳು ಏಳದಂತೆ ಮಾಡುತ್ತದೆ, ಆವಿ ತಡೆ ಎಂದು ಅದನ್ನು ನಂಬುವ ಹಾಗಿಲ್ಲ. ಪೇಂಟ್ ಬಗೆಯದು ಅಡಿಯಿಂದ ಒತ್ತಡ ಬಂದಾಗ ಹಪ್ಪಳದ ಹಾಗೆ ಎದ್ದು ಬರುತ್ತದೆ. ಸ್ಟೋರ್ ರೂಮಿಗೆ ಸಾಕು. ಮಲಗುವ ಕೋಣೆಗೆ ಇದರ ಮೇಲೆ ಭಾರ ಹಾಕಬೇಡಿ.

ಪಾಲಿಥಿನ್ ಹಾಳೆ ಹಾಸಿ, ಸೇರುವ ಕಡೆ ಒಂದರ ಮೇಲೊಂದು ಬರುವಂತೆ ಮಾಡಿ ಟೇಪ್ ಹಚ್ಚುವುದು ಆವಿಗೆ ಒಳ್ಳೆಯ ತಡೆ. ತೇಲುವ ಹಲಗೆಗೆ, ಅಂದರೆ ಅಂಟಿಲ್ಲದೆ ಒಂದಕ್ಕೊಂದು ಕ್ಲಿಕ್ ಆಗಿ ಕೂರುವ ಹಲಗೆಗೆ, ಪರೀಕ್ಷೆಯ ಸಂಖ್ಯೆ ಚೆನ್ನಾಗಿದ್ದಾಗ ಇಷ್ಟೇ ಸಾಕು. ಕೊರತೆ ಎಂದರೆ ನೆಲದ ತಂಪು ಹಾಗೆಯೇ ಕಾಲಿಗೆ ಬರುತ್ತದೆ. ಹಾಳೆಯ ಮೇಲೆ ಬೆವರು ಕಟ್ಟುವ ಸಾಧ್ಯತೆಯೂ ಉಳಿಯುತ್ತದೆ.

ಗುಳಿಗುಳಿಯ ಪ್ಲಾಸ್ಟಿಕ್ ಹಾಸು, ಡಿಂಪಲ್ ಮೆಂಬ್ರೇನ್ ಎನ್ನುವುದು, ಕಾಂಕ್ರೀಟಿಗೂ ಮೇಲಿನ ಪದರಕ್ಕೂ ನಡುವೆ ಕಾಲಂಗುಲಕ್ಕಿಂತ ತುಸು ಹೆಚ್ಚು ಗಾಳಿಸಂದು ಬಿಡುತ್ತದೆ. ಅದರ ಮೇಲೆ ಪ್ಲೈವುಡ್, ಆಮೇಲೆ ನೆಲ. ಇದನ್ನೇ ಮರದ ಚಕ್ಕೆಗಳನ್ನು ಒತ್ತಿ ಮಾಡಿದ ಹಲಗೆಗೆ ಅಂಟಿಸಿ ಎರಡಡಿ ಚೌಕದ ತುಂಡುಗಳಾಗಿ ಮಾರುತ್ತಾರೆ. ಡ್ರೈಕೋರ್ ಎಂಬ ಹೆಸರು ಇಲ್ಲಿ ಬಹಳ ಜನರ ಬಾಯಲ್ಲಿದೆ. ಒಬ್ಬರೇ ಜೋಡಿಸಬಹುದು, ಕಾಲಿಗೆ ಮೆತ್ತಗೆ. ಆದರೆ ಆ ಚಕ್ಕೆಹಲಗೆ ನೀರಲ್ಲಿ ನಿಂತರೆ ಮುಗಿಯಿತು. ಈ ಗಾಳಿಸಂದು ಆವಿಗೆ ಮಾಡಿದ್ದು, ಹರಿಯುವ ನೀರಿಗೆ ಕಾಲುವೆ ಎಂದು ತಿಳಿಯಬಾರದು. ಈ ತಪ್ಪು ತಿಳಿವಳಿಕೆಯನ್ನು ನಾನು ಎರಡು ಮನೆಗಳಲ್ಲಿ ಕಂಡಿದ್ದೇನೆ.

ಒಂದು ಅಂಗುಲದ ಗಟ್ಟಿ ಎಕ್ಸ್‌ಪಿಎಸ್ ಫೋಮ್ (ಶಾಖ ತಡೆಯುವ ಪಾಲಿಸ್ಟೈರೀನ್ ಹಲಗೆ) ಹಾಸಿ, ಸಂದಿಗಳಿಗೆ ಟೇಪ್ ಹಚ್ಚಿ, ಮೇಲೆ ಪ್ಲೈವುಡ್ ಹಾಕುವುದು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರ. ಫೋಮ್ ನೀರು ಹೀರುವುದಿಲ್ಲ, ಆವಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಜತೆಗೆ ಪ್ಲೈವುಡ್ಡಿನ ಮೈ ಕೋಣೆಯ ಶಾಖಕ್ಕೆ ಹತ್ತಿರ ಉಳಿಯುವುದರಿಂದ ಬೆವರು ಹುಟ್ಟುವುದೇ ಇಲ್ಲ. ಆವಿ, ಬೆವರು ಎರಡಕ್ಕೂ ಉತ್ತರ ಕೊಡುವುದು ಈ ಪಟ್ಟಿಯಲ್ಲಿ ಇದೊಂದೇ. ಬೆಲೆಯೆಂದರೆ ಎತ್ತರ: ಹಲಗೆಯೂ ಸೇರಿ ಒಂದೂವರೆಯಿಂದ ಎರಡು ಅಂಗುಲ ಮೇಲೇರುತ್ತದೆ. ವಾಸದ ಕೋಣೆಯ ಚಾವಣಿ 7 ಅಡಿ ಇರಬೇಕೆಂಬುದು ಮಾದರಿ ನಿಯಮ. ಅದಕ್ಕಿಂತ ಹೆಚ್ಚು ಜನ ಮರೆಯುವುದು ಮೆಟ್ಟಿಲನ್ನು. ನೆಲ ಎರಡು ಅಂಗುಲ ಏರಿದರೆ ಕೊನೆಯ ಮೆಟ್ಟಿಲು ಎರಡು ಅಂಗುಲ ಗಿಡ್ಡ. ಒಂದೇ ಸಾಲಿನ ಮೆಟ್ಟಿಲುಗಳ ಎತ್ತರದಲ್ಲಿ 3/8 ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂದು ನಿಯಮವಿದೆ, ಮತ್ತದು ಸುಮ್ಮನೆ ಮಾಡಿದ್ದಲ್ಲ. ರಾತ್ರಿ ನೀರಿಗೆಂದು ಏಳುವ ವಯಸ್ಸಾದವರ ಕಾಲು ಎಡವುವುದು ಅಲ್ಲೇ.

ನೆಲ ಕೆರೆದು, ಎರಡು ಭಾಗ ಬೆರೆಸಿ ಬಳಿಯುವ ಎಪಾಕ್ಸಿ ಲೇಪ ಹಾಕಿಸುವುದು ಕೊನೆಯದು. ಎತ್ತರ ಏರುವುದಿಲ್ಲ, ಪರೀಕ್ಷೆಯ ಸಂಖ್ಯೆ ಬಹಳ ಕೆಟ್ಟಿದ್ದರೂ ತಡೆಯುತ್ತದೆ, ಅಂಟಿಸುವ ನೆಲಕ್ಕೆ ಇದೇ ಸರಿ. ಆದರೆ ಕಾಂಕ್ರೀಟಿನ ಮೈಯನ್ನು ಯಂತ್ರದಿಂದ ಒರಟು ಮಾಡದೆ ಹಾಕಿದರೆ ಎದ್ದು ಬರುತ್ತದೆ. ಅನುಭವಸ್ಥರ ಕೈಯಲ್ಲೇ ಆಗಬೇಕು, ಖರ್ಚೂ ಹೆಚ್ಚು.

ಕಾಂಕ್ರೀಟಿನ ಮೇಲೆ ನೇರ ಮರದ ಪಟ್ಟಿ ಹೊಡೆದು ಅದರ ಮೇಲೆ ಹಲಗೆ ಹಾಕುವ ಹಳೆಯ ಪದ್ಧತಿ ಬೇಡ. ಪಟ್ಟಿ ಅಡಿಯಿಂದ ಕೊಳೆಯುತ್ತದೆ.

ಈಗ ಹಲಗೆ

ಸೆರಾಮಿಕ್ ಅಥವಾ ಪಾರ್ಸಿಲೇನ್ ಟೈಲ್ ತೇವಕ್ಕೆ ಹೆದರುವುದಿಲ್ಲ. ನೀರು ನುಗ್ಗಿದರೂ ತೊಳೆದು ಉಳಿಸಿಕೊಳ್ಳಬಹುದು. ಬಿರುಕು ಇರುವ ಸ್ಲ್ಯಾಬಾದರೆ ನಡುವೆ ಡಿಟ್ರಾದಂಥ ಬೇರ್ಪಡಿಸುವ ಹಾಸು ಹಾಕಿಸಿ, ಇಲ್ಲದಿದ್ದರೆ ಅಡಿಯ ಬಿರುಕು ಮೇಲೂ ಮೂಡುತ್ತದೆ. ಇದರ ಒಂದೇ ದೋಷ ತಣ್ಣಗೆ. ಒಸರಿನ ಇತಿಹಾಸ ಇರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ, ಮೇಲೆ ಎತ್ತಿ ಒಣಗಿಸಬಹುದಾದ ಜಮಖಾನ ಹಾಸಿಕೊಳ್ಳಿ.

ವಿನೈಲ್ ಪ್ಲ್ಯಾಂಕಿನ ಪೆಟ್ಟಿಗೆಯ ಮೇಲೆ ದೊಡ್ಡದಾಗಿ "ವಾಟರ್‌ಪ್ರೂಫ್" ಎಂದಿರುತ್ತದೆ. ಸುಳ್ಳೇನಲ್ಲ, ಹಲಗೆಗೆ ಏನೂ ಆಗುವುದಿಲ್ಲ. ಆದರೆ ಅದು ತಾನೇ ಒಂದು ಪ್ಲಾಸ್ಟಿಕ್ ಹಾಳೆ, ಕೆಳಗಿನ ಆವಿಯನ್ನು ಹೊರಗೆ ಬಿಡುವುದಿಲ್ಲ. ಅಡಿಯಲ್ಲಿ ಧೂಳು, ಮರದ ಹುಡಿ, ಹಳೆಯ ಕಾರ್ಪೆಟ್ಟಿನ ಅಂಟು ಉಳಿದಿದ್ದರೆ ಬೂಷ್ಟಿಗೆ ಅದೇ ಊಟ. ಹಲಗೆ ಹೊಸದಾಗಿಯೇ ಕಾಣುತ್ತಿರುತ್ತದೆ, ವಾಸನೆ ಮಾತ್ರ ಬರುತ್ತದೆ. ಆದ್ದರಿಂದ ನೆಲ ಚೆನ್ನಾಗಿ ಕೆರೆದು ಗುಡಿಸಿ (ಹಳೆಯ ಮನೆಯಾದರೆ ಕೆರೆಯುವ ಮೊದಲು ಕೆಳಗಿನ ಎಚ್ಚರಿಕೆ ಓದಿ), ಕ್ಲಿಕ್ ಬಗೆಯದನ್ನೇ ತೆಗೆದುಕೊಳ್ಳಿ. ಅಡಿಗೆ ಎಪಾಕ್ಸಿ ಇಲ್ಲದಿದ್ದರೆ ಅಂಟಿಸುವ ಬಗೆ ಬೇಡ: ತೇವದ ಜತೆ ಬರುವ ಕ್ಷಾರ ಅಂಟನ್ನು ಕರಗಿಸಿ ಲೋಳೆ ಮಾಡುತ್ತದೆ. ಕ್ಲಿಕ್ ಬಗೆಯದನ್ನು ಬೇಕಾದಾಗ ಬಿಚ್ಚಿ, ಒಣಗಿಸಿ, ಮತ್ತೆ ಹಾಸಬಹುದು. ಬೇಸ್‌ಮೆಂಟಿನ ಮಟ್ಟಿಗೆ ಇದು ಬಹಳ ದೊಡ್ಡ ಗುಣ.

ಲ್ಯಾಮಿನೇಟಿನ ಹೊಟ್ಟೆಯಲ್ಲಿರುವುದು ಒತ್ತಿದ ಮರದ ನಾರು. ನಮ್ಮ ಕಥೆ ಮೇಲೆ ಹೇಳಿದ್ದೇನೆ. ಎಂಜಿನಿಯರ್ಡ್ ಮರ, ಅಂದರೆ ಪ್ಲೈವುಡ್ಡಿನಂಥ ಪದರಗಳ ಮೇಲೆ ತೆಳು ಮರ ಅಂಟಿಸಿದ್ದು, ಇಷ್ಟವಾದರೆ ಫೋಮ್–ಪ್ಲೈವುಡ್ಡಿನ ಮೇಲೆ ಮಾತ್ರ, ವರ್ಷವಿಡೀ ಗಾಳಿಯ ತೇವಾಂಶ ಹಿಡಿದಿಡುವ ಶಿಸ್ತು ಇದ್ದವರು ಮಾತ್ರ. ಗಟ್ಟಿ ಮರ ನೆಲಮಟ್ಟದ ಕೆಳಗೆ ಬೇಡವೇ ಬೇಡ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಬೆಚ್ಚಗೆ, ಅಗ್ಗ, ಮಕ್ಕಳಿಗೆ ಹಿತ. ಆದರೆ ಅದರ ಪ್ಯಾಡ್ ಒಮ್ಮೆ ನೆನೆದರೆ ಎಸೆಯುವುದೊಂದೇ. ಮನೆಯಲ್ಲಿ ಉಬ್ಬಸ, ಅಲರ್ಜಿ ಇರುವವರು ಇದ್ದರೆ ದಯವಿಟ್ಟು ಬೇಡ.

ಹಳೆಯ ಮನೆಯವರಿಗೆ ಒಂದು ಎಚ್ಚರಿಕೆ. ಕಾರ್ಪೆಟ್ ಕಿತ್ತಾಗ ಅಡಿಯಲ್ಲಿ 9 ಅಂಗುಲ ಚೌಕದ ಹಳೆಯ ಟೈಲೋ ಕಪ್ಪು ಅಂಟೋ ಕಂಡರೆ ಕೆರೆಯಬೇಡಿ, ಒಡೆಯಬೇಡಿ. ಅದರಲ್ಲಿ ಉಸಿರಿಗೆ ಅಪಾಯವಾದ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಲ್ಯಾಬಿನ ಪರೀಕ್ಷೆ ಮಾಡಿಸಿ ಗೊತ್ತುಮಾಡಿಕೊಳ್ಳಿ. ಇನ್ನೊಂದು ರೇಡಾನ್, ಮಣ್ಣಿನಿಂದ ಮನೆಯೊಳಗೆ ಬರುವ ವಿಕಿರಣದ ಅನಿಲ. ನೆಲ ಮುಚ್ಚುವ ಮೊದಲೇ ಅಳೆಸಿ. ಲೀಟರಿಗೆ 4 ಪಿಕೊಕ್ಯೂರಿ ಅಥವಾ ಹೆಚ್ಚಿದ್ದರೆ ಸರಿಪಡಿಸಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳುತ್ತದೆ. ಸರಿಪಡಿಸಲು ಸ್ಲ್ಯಾಬಿನಡಿಯ ಗಾಳಿಯನ್ನು ಹೊರಗೆಳೆಯುವ ಪೈಪ್ ಹಾಕುತ್ತಾರೆ. ಅದನ್ನು ಹೊಸ ನೆಲ ಕೊರೆದು ಕೂರಿಸುವುದಕ್ಕಿಂತ ಮೊದಲೇ ಕೂರಿಸುವುದು ಸುಲಭ, ಅದು ನೆಲದ ತೇವವನ್ನೂ ಸ್ವಲ್ಪ ಇಳಿಸುತ್ತದೆ.

ನಮ್ಮಲ್ಲಿ ಕೊನೆಗೆ ಆದದ್ದು ಹೀಗೆ. ಮೆಟ್ಟಿಲ ಬುಡ, ಫರ್ನೇಸಿನ ಬದಿ ಮತ್ತು ಉತ್ತರ ಗೋಡೆಯ ಉದ್ದಕ್ಕೆ ಟೈಲ್. ಅಮ್ಮ ಮಲಗುವ ಕೋಣೆಗೆ ಫೋಮ್, ಪ್ಲೈವುಡ್, ಮೇಲೆ ಕ್ಲಿಕ್ ವಿನೈಲ್. ಬಾಗಿಲಲ್ಲಿ ಕಾಣುವ ಹಾಗೆ ಇಳಿಜಾರು ಪಟ್ಟಿ. ಕೋಣೆಯ ದೂರದ ಮೂಲೆಯಲ್ಲಿ, ಮಂಚದ ಹಿಂದೆ, ಗೋಡೆಯ ಬುಡದ ಪಟ್ಟಿಯ, ಬೇಸ್‌ಬೋರ್ಡಿನ, ಎರಡಡಿ ತುಂಡಿಗೆ ಮೊಳೆ ಹೊಡೆಯದೆ ಎರಡು ಸ್ಕ್ರೂ ಹಾಕಿದ್ದೇನೆ. ಪ್ರತಿ ಜುಲೈನಲ್ಲಿ ಅದನ್ನು ಬಿಚ್ಚಿ, ಕೊನೆಯ ಹಲಗೆ ಎತ್ತಿ, ಟಾರ್ಚ್ ಬಿಟ್ಟು ನೋಡಿ, ಒಮ್ಮೆ ಬಗ್ಗಿ ಮೂಸುತ್ತೇನೆ. ಹೋದ ಬೇಸಿಗೆಯಲ್ಲಿ ಅಮ್ಮನೂ ಪಕ್ಕದಲ್ಲಿ ಕೂತು ಮೂಸಿದರು. "ಪ್ಲೈವುಡ್ ವಾಸನೆ ಅಷ್ಟೆ, ಮುಚ್ಚು" ಅಂದರು.